ಕೇಳಿದವನು ಎದ್ದು ಹೋಗಬಹುದೇ?

ಬಾಸೆಲ್ ಮಿಶನ್ ಬಗ್ಗೆ ಕನ್ನಡದಲ್ಲಿ ಮಾತು ಬಂದಾಗಲೆಲ್ಲ ಎರಡೇ ರಾಗ ಕೇಳಿಬರುತ್ತವೆ. ಒಂದು ಉಪಕಾರಸ್ಮರಣೆಯದು. 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು, ಹೆಂಚು, ಮಗ್ಗ, ಶಾಲೆ, ಛಾಪಖಾನೆ. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಪಟ್ಟಿ ತಪ್ಪದೆ ಬರುತ್ತದೆ. ಇನ್ನೊಂದು ದೂರಿನದು. ಅಕ್ಕಿ, ಬಟ್ಟೆ, ನೌಕರಿ ತೋರಿಸಿ ಬಡಬಗ್ಗರ ಜಾತಿ ಕೆಡಿಸಿದರು, ಓದಿನ ನೆಪದಲ್ಲಿ ಹುಡುಗರ ತಲೆ ಕೆಡಿಸಿದರು ಎಂಬುದು. ಮೊದಲನೆಯವರು ಮಿಶನರಿಗಳನ್ನು ಭಾಷಾಸೇವಕರನ್ನಾಗಿ ಮಾಡಿ ಅವರ ಕೈಯಲ್ಲಿದ್ದ ಬೈಬಲ್ಲನ್ನು ಮೆಲ್ಲಗೆ ಮರೆಮಾಡುತ್ತಾರೆ. ಎರಡನೆಯವರು ಮತ ಬದಲಿಸಿದವರಿಗೆ ಸ್ವಂತ ಬುದ್ಧಿಯೊಂದಿತ್ತು ಎಂಬುದನ್ನೇ ಒಪ್ಪುವುದಿಲ್ಲ.

ನನಗೆ ಇಬ್ಬರ ಮೇಲೂ ತಕರಾರಿದೆ. ಆ ಜರ್ಮನ್, ಸ್ವಿಸ್ ತರುಣರು ಸಮುದ್ರ ದಾಟಿ ಬಂದದ್ದು ನಮಗೊಂದು ನಿಘಂಟು ಕೊಡುವುದಕ್ಕಲ್ಲ. ಮನುಷ್ಯರ ಮತ ಬದಲಿಸುವುದಕ್ಕೆ ಬಂದರು. ಅದನ್ನು ಅವರೇನೂ ಮುಚ್ಚಿಡಲಿಲ್ಲ. ಹಾಗಾಗಿ ಅವರ ಕೆಲಸಕ್ಕೆ ಬೆಲೆ ಕಟ್ಟುವುದಾದರೆ ಪಕ್ಕದ ಸರಕುಗಳನ್ನು ತೂಗಿ ಪ್ರಯೋಜನವಿಲ್ಲ. ಇನ್ನೊಬ್ಬನ ನಂಬಿಕೆಯನ್ನು ಬದಲಿಸಲು ಹೊರಟವರು ಅದನ್ನು ಹೇಗೆ ಮಾಡಿದರು, ಎಲ್ಲಿ ನ್ಯಾಯವಾಗಿ ನಡೆದುಕೊಂಡರು, ಎಲ್ಲಿ ಎಡವಿದರು ಎಂದೇ ಕೇಳಬೇಕು. ಇವತ್ತಿನ ಮತಾಂತರದ ಜಗಳಕ್ಕೂ ಈ ಪ್ರಶ್ನೆ ಒದಗಿ ಬರುತ್ತದೆ. ಏಕೆಂದರೆ ಒಂದು ಶತಮಾನಕ್ಕೂ ಮೀರಿದ, ಇಷ್ಟು ಹತ್ತಿರದ, ಇಷ್ಟೊಂದು ದಾಖಲೆಯಿರುವ ಉದಾಹರಣೆ ನಮ್ಮಲ್ಲಿ ಬೇರೆ ಇಲ್ಲ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ ಹುಟ್ಟಿದ ಸಂಸ್ಥೆ ಅದು. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ಬದಲಾಗಿ, ಇಂಗ್ಲಿಷರಲ್ಲದ ಪಾದ್ರಿಗಳಿಗೂ ಇಲ್ಲಿ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಹರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ. ಇವರು ಆಳುವವರಾಗಿರಲಿಲ್ಲ, ಆದರೆ ಆಳುವವರ ನೆರಳಿನಲ್ಲಿದ್ದರು. ಈ ವ್ಯತ್ಯಾಸ ಮಿಶನರಿಗಳಿಗೆ ದೊಡ್ಡದಾಗಿ ಕಂಡಿರಬೇಕು. ಸಂತೆಗೆ ಬಂದ ರೈತನಿಗೆ ಇಬ್ಬರೂ ಬಿಳಿಯರೇ.

ಶುರುವಿನ ಪದ್ಧತಿ ಬಹಳ ಸರಳ. ಸಂತೆ, ಜಾತ್ರೆ, ಪೇಟೆಬೀದಿ, ಕೆರೆಕಟ್ಟೆ — ಜನ ಸೇರುವಲ್ಲಿ ನಿಂತು ಸಾರುವುದು. ಸ್ಯಾಮ್ಯುಯೆಲ್ ಹೆಬಿಕ್ ಇದರಲ್ಲಿ ನಿಸ್ಸೀಮ. ಮುಂದೆ ಕಣ್ಣೂರಿನಲ್ಲಿ ನೆಲೆಸಿದ ಆತ ಉದ್ದ ಗಡ್ಡ ಬಿಟ್ಟುಕೊಂಡು ಪಯ್ಯಾವೂರಿನಂಥ ಜಾತ್ರೆಗಳಿಗೆ ಹೋಗಿ ಜನರ ನಡುವೆ ನಿಂತು ಗುಡುಗುತ್ತಿದ್ದ. ಜನ ಕೂಗುತ್ತಿದ್ದರು, ಗೇಲಿ ಮಾಡುತ್ತಿದ್ದರು, ಕೆಲವರು ನಿಂತು ವಾದ ಮಾಡುತ್ತಿದ್ದರು, ಬಹುಪಾಲು ಮಂದಿ ಒಂದಿಷ್ಟು ಕೇಳಿ ಬಳೆ ಅಂಗಡಿಯ ಕಡೆಗೋ ತೇರಿನ ಕಡೆಗೋ ನಡೆಯುತ್ತಿದ್ದರು. ದೇವರ ಜಾತ್ರೆಯಲ್ಲೇ ನಿಂತು ಆ ದೇವರು ಸುಳ್ಳು ಎನ್ನುವುದು ಒರಟುತನ. ಅದರಲ್ಲಿ ಅನುಮಾನವೇ ಇಲ್ಲ. ಆದರೂ ಮಿಶನ್ನಿನ ಎಲ್ಲ ಪದ್ಧತಿಗಳಲ್ಲಿ ಇದೇ ಅತ್ಯಂತ ಪ್ರಾಮಾಣಿಕವಾದದ್ದು ಎಂದು ನನ್ನ ಎಣಿಕೆ. ಮಾತಾಡುವವನು ಯಾರು, ಅವನಿಗೇನು ಬೇಕು ಎಂಬುದು ಎಲ್ಲರಿಗೂ ಗೊತ್ತು. ಕೇಳುವವನಿಗೆ ಅವನಿಂದ ಆಗಬೇಕಾದದ್ದು ಏನೂ ಇಲ್ಲ. ಬೇಸರವಾದರೆ ಎದ್ದು ಹೋಗಬಹುದು. ಸಿಟ್ಟು ಬಂದರೆ ತಿರುಗಿ ಬೈಯಬಹುದು. ಆ ಬೈಗುಳ ಕೇಳಿಕೊಳ್ಳುವುದು ಸಾರುವವನ ಪಾಲಿನ ತೆರಿಗೆ.

ಮತಪ್ರಚಾರದ ನೀತಿಯನ್ನು ಅಳೆಯುವುದಕ್ಕೆ ನನಗೆ ಸಿಕ್ಕಿದ ಅಳತೆಗೋಲು ಇದೇ. ಏನು ಸಾರಿದರು ಎಂಬುದಕ್ಕಿಂತ, ಕೇಳಿದವನು ನಷ್ಟವಿಲ್ಲದೆ ಎದ್ದು ಹೋಗಬಹುದಿತ್ತೇ ಎಂಬುದು ಮುಖ್ಯ. ಈ ಕೋಲನ್ನು ಮಿಶನ್ನಿನ ಅಂಗಳಕ್ಕೆ ಮಾತ್ರ ಹಿಡಿದರೆ ಅರ್ಧ ನ್ಯಾಯ. ಮನುಷ್ಯ ಹುಟ್ಟಿದ ಮನೆಗೆ, ಕೇರಿಗೆ, ಜಾತಿಗೆ, ಈಗಿನ ಕಾನೂನಿಗೂ ಹಿಡಿದು ನೋಡಬೇಕು.

ಜಾತ್ರೆಯ ಪ್ರಚಾರದಿಂದ ಫಲ ಬಂದದ್ದು ಬಹಳ ಕಮ್ಮಿ. ಇದನ್ನು ಬಾಸೆಲಿನವರು ಬರುವ ಮೊದಲೇ ಒಬ್ಬ ಪಾದ್ರಿ ಬರೆದಿಟ್ಟು ಹೋಗಿದ್ದ. ಆತ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ ಅಬ್ಬೆ ದುಬುವಾ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ದುಬುವಾ ಇಲ್ಲಿಯವರ ಉಡುಪು ತೊಟ್ಟು, ಇಲ್ಲಿಯವರಂತೆ ಉಂಡು, ‘ದೊಡ್ಡಸ್ವಾಮಿಯೋರು’ ಎನಿಸಿಕೊಂಡವನು. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲೂ ಓಡಾಡಿದ. ಎರಡು ದಶಕಕ್ಕೂ ಮೇಲೆ ದುಡಿದು 1823ರಲ್ಲಿ ದೇಶ ಬಿಟ್ಟಾಗ ಅದೇ ವರ್ಷ ಲಂಡನ್ನಿನಲ್ಲಿ ಪತ್ರಗಳ ರೂಪದ ಒಂದು ಪುಸ್ತಕ ಪ್ರಕಟಿಸಿದ. ಅದರ ಸಾರ: ಈಗಿನ ಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ. ತಾನು ಇಷ್ಟು ವರ್ಷದಲ್ಲಿ ಸೇರಿಸಿದ್ದು ಇನ್ನೂರು ಮುನ್ನೂರು ಜನ, ಅವರಲ್ಲೂ ಹೆಚ್ಚಿನವರು ದಿಕ್ಕಿಲ್ಲದವರು ಎಂದು ಲೆಕ್ಕ ಒಪ್ಪಿಸಿದ. ಪ್ರಾಟೆಸ್ಟಂಟ್ ಪಾದ್ರಿಗಳು ಕೆರಳಿ ಮರುವರ್ಷವೇ ಉತ್ತರ ಬರೆದರು.

ದುಬುವಾನ ನಿರಾಸೆಗೆ ಇನ್ನೊಂದು ಮುಖವಿದೆ. ಅವನ ಮೊದಲ ಕೆಲಸ ಹೊಸಬರನ್ನು ಸೇರಿಸುವುದಾಗಿರಲಿಲ್ಲ, ಚದುರಿದವರನ್ನು ಕೂಡಿಸುವುದಾಗಿತ್ತು. 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೊಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. ಹಲವರನ್ನು ಬಲವಂತವಾಗಿ ಮುಸ್ಲಿಮರನ್ನಾಗಿ ಮಾಡಲಾಗಿತ್ತು. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದೆಗೊಟ್ಟು ನಿಂತು ಪ್ರಾಣ ಕೊಡಲಿಲ್ಲವಲ್ಲ ಎಂದು ದುಬುವಾ ಕಹಿಯಾಗಿ ಬರೆಯುತ್ತಾನೆ. ಓದುವಾಗ ನನಗೆ ಆ ಜನರ ಮೇಲಲ್ಲ, ಬರೆದವನ ಮೇಲೆ ಸಿಟ್ಟು ಬರುತ್ತದೆ. ಕತ್ತಿ ಹಿರಿದವನು ಮತ ಬದಲಿಸು ಎನ್ನುತ್ತಾನೆ, ಪಾದ್ರಿ ತಲೆ ಕೊಡು ಎನ್ನುತ್ತಾನೆ. ಇಬ್ಬರಿಗೂ ಆ ಮನುಷ್ಯನ ಬಾಳು ತಂತಮ್ಮ ಮತದ ಸಾಕ್ಷಿ ಮಾತ್ರ. ಶ್ರೀರಂಗಪಟ್ಟಣದ ಬಂದಿಗಳಲ್ಲಿ ಹಲವರು ಬದುಕಿ ಉಳಿದರು, ಕಾಲ ಬಂದಾಗ ಊರಿಗೆ ಹಿಂತಿರುಗಿ ಮತ್ತೆ ಇಗರ್ಜಿ ಕಟ್ಟಿಕೊಂಡರು. ಅವರು ಸರಿಯಾಗಿಯೇ ಮಾಡಿದರು.

ಹೊರಗಿನವರು ಬರುವ ತನಕ ನಮ್ಮಲ್ಲಿ ಈ ಜಗಳವೇ ಇರಲಿಲ್ಲ ಎನ್ನುವವರು ಹಿರೇಕೆರೂರು ತಾಲೂಕಿನ ಅಬ್ಬಲೂರಿಗೊಮ್ಮೆ ಹೋಗಿಬರಬೇಕು. ಅಲ್ಲಿಯ ಸೋಮೇಶ್ವರ ಗುಡಿಯ ಶಾಸನ ಶಿವಭಕ್ತ ಏಕಾಂತದ ರಾಮಯ್ಯನ ಕತೆ ಹೇಳುತ್ತದೆ. ಜೈನರೊಡನೆ ಪಣ ಕಟ್ಟಿ, ತಲೆ ಕತ್ತರಿಸಿಕೊಂಡು, ಏಳನೆಯ ದಿನ ತಲೆ ಮರಳಿ ಪಡೆದು, ಜಿನಮೂರ್ತಿಯನ್ನು ಒಡೆದನೆಂಬ ಕತೆ. ಮೂರ್ತಿ ಒಡೆಯುವ ದೃಶ್ಯವನ್ನು ಗುಡಿಯಲ್ಲಿ ಕೆತ್ತಿಯೂ ಇದ್ದಾರೆ. ಅದೇ ನಾಡಿನಲ್ಲಿ 1368ರಲ್ಲಿ ವಿಜಯನಗರದ ಬುಕ್ಕರಾಯ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಜೈನರಿಗೆ ಹಾನಿಯಾದರೆ ಅದು ತಮಗೇ ಆದ ಹಾನಿಯೆಂದು ವೈಷ್ಣವರು ತಿಳಿಯಬೇಕೆಂದು ಶ್ರವಣಬೆಳಗೊಳದಲ್ಲಿ ಶಾಸನ ಹಾಕಿಸಿದ. ಜಗಳ ನಡೆಯುತ್ತಿದ್ದದ್ದಕ್ಕೇ ಅಲ್ಲವೇ ರಾಜ ನಡುವೆ ಬರಬೇಕಾಗಿ ಬಂದದ್ದು.

ಮೋಗ್ಲಿಂಗನ ಕಡೆಗೆ ಬರುತ್ತೇನೆ. ಎದುರಾಳಿಯನ್ನು ಒಲಿಸಬೇಕಾದರೆ ಮೊದಲು ಅವನ ಮಾತು ಕೇಳಿಸಿಕೊಳ್ಳಬೇಕು ಎಂಬುದು ಅವನಿಗೆ ಬೇಗ ತಿಳಿಯಿತು. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ 1848ರಿಂದ ಅವನು ಕಲ್ಲಚ್ಚಿನಲ್ಲಿ ಹೊರತಂದ ಪುಸ್ತಕಗಳನ್ನು ನೋಡಿ: ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು. ಕಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿ ಹಣ ಕೊಟ್ಟ. ಮೂರ್ತಿಪೂಜೆ ಸುಳ್ಳೆಂದು ಜಾತ್ರೆಯಲ್ಲಿ ಸಾರುವ ಮಿಶನ್ನೇ, ಪುರಂದರದಾಸರ ಪದಗಳನ್ನು ಕಲ್ಲಿನ ಮೇಲೆ ಬರೆಸಿ ಹಾಳೆಗೆ ಒತ್ತಿಸುತ್ತಿದೆ! ಶತ್ರುವಿನ ಕೋಟೆಯ ನಕ್ಷೆ ಬರೆದುಕೊಂಡ ಹಾಗೆ ಎಂದು ಇದನ್ನು ಕೆಲವರು ತಳ್ಳಿಹಾಕುತ್ತಾರೆ. ಶುರುವಾದದ್ದು ಆ ಉದ್ದೇಶದಿಂದಲೇ ಇರಬಹುದು. ಆದರೆ ನಕ್ಷೆಗಾಗಿ ಯಾರೂ ಇಷ್ಟು ಪ್ರೀತಿಯಿಂದ ಪಾಠ ಸರಿಪಡಿಸುವುದಿಲ್ಲ. ಅಲ್ಲದೆ ಬಸವಪುರಾಣವೇ ಪರಮತದವರನ್ನು ಗೆದ್ದು ಭಕ್ತರನ್ನಾಗಿಸಿದ ಶರಣರ ಕತೆಗಳ ಕಣಜ. ಮತಾಂತರದ ಆಸೆ ಹೊತ್ತು ಬಂದ ಜರ್ಮನ್ ಪಾದ್ರಿಗೆ ಅಲ್ಲಿ ತನ್ನದೇ ಹಂಬಲದ ಹಳೆಯ ನೆಂಟರು ಸಿಕ್ಕಿರಬೇಕು.

ಶಾಲೆಯ ವಿಚಾರಕ್ಕೆ ಬಂದರೆ ಇಷ್ಟು ಉದಾರವಾಗಿ ಬರೆಯಲಾರೆ.

1844ರ ಜನವರಿ 6. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಇನ್ನಿಬ್ಬರು ಹುಡುಗರ ಜೊತೆ ಬ್ಯಾಪ್ಟಿಸಮ್ ಪಡೆದ ದಿನ. ಮೂವರೂ ಮಿಶನ್ ನಡೆಸುತ್ತಿದ್ದ ಇಂಗ್ಲಿಷ್ ಶಾಲೆಯ ಸಂಪರ್ಕದವರು. ಆನಂದರಾಯನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರು ಕುದಿಯಿತು. ನೆಂಟರಿಷ್ಟರು ಬಾಲ್ಮಠದ ಮಿಶನ್ ಅಂಗಳಕ್ಕೆ ಬಂದು ಅತ್ತರು, ಬೇಡಿದರು, ಬೆದರಿಸಿದರು. ಸರ್ಕಾರ ಕಾವಲು ಹಾಕಬೇಕಾಯಿತು. ಹುಡುಗ ಹಿಂದೆ ಸರಿಯಲಿಲ್ಲ. ಅವನ ಹೊಸ ಹೆಸರು ಹರ್ಮನ್ ಆನಂದರಾವ್ ಕೌಂಡಿನ್ಯ. ಹರ್ಮನ್ ಎಂದರೆ ಮೇಷ್ಟ್ರು ಮೋಗ್ಲಿಂಗನ ಹೆಸರು. ಎರಡು ವರ್ಷಕ್ಕೆ ಮೋಗ್ಲಿಂಗ್ ಅವನನ್ನು ಬಾಸೆಲಿಗೆ ಕರೆದೊಯ್ದ; 1851ರಲ್ಲಿ ದೀಕ್ಷೆ ಪಡೆದು ಬಂದ ಕೌಂಡಿನ್ಯ ಆ ಮಿಶನ್ನಿನ ಮೊದಲ ಭಾರತೀಯ ಪಾದ್ರಿಯಾದ. 1893ರಲ್ಲಿ ಸಾಯುವ ತನಕ ಆ ನಂಬಿಕೆಯಲ್ಲೇ ಬಾಳಿದ.

ಅವನ ನಂಬಿಕೆ ನಿಜವಾದದ್ದು ಎಂಬುದಕ್ಕೆ ಆ ಬಾಳೇ ಸಾಕ್ಷಿ. ನಲವತ್ತು ವರ್ಷ ಯಾರೂ ಆಮಿಷಕ್ಕೆ ಕಟ್ಟುಬಿದ್ದು ಪಾದ್ರಿಯಾಗಿ ಇರುವುದಿಲ್ಲ. ಆದ್ದರಿಂದ ಕೌಂಡಿನ್ಯನನ್ನು ಮೋಸ ಹೋದವನೆಂದು ನಾನು ಕರೆಯಲಾರೆ. ನನ್ನ ತಕರಾರು ಮೇಷ್ಟ್ರ ಮೇಲೆ. ಮನೆಯವರು ಮಗನನ್ನು ಶಾಲೆಗೆ ಕಳಿಸಿದ್ದು ಇಂಗ್ಲಿಷ್ ಕಲಿತು ಕಚೇರಿಯಲ್ಲಿ ಕೆಲಸ ಹಿಡಿಯಲಿ ಎಂದು. ಆ ಬೆಂಚಿನ ಮೇಲೆ ಕೂತ ಹುಡುಗ ಜಾತ್ರೆಯ ರೈತನ ಹಾಗೆ ಎದ್ದು ಬಳೆ ಅಂಗಡಿಗೆ ಹೋಗುವಂತಿಲ್ಲ. ಅವನ ಓದು, ಮುಂದಿನ ಅನ್ನ, ಬಿಳಿಯ ಮೇಷ್ಟ್ರ ಮೆಚ್ಚುಗೆ — ಎಲ್ಲವೂ ಒಂದೇ ಕೋಣೆಯಲ್ಲಿ, ಒಬ್ಬನೇ ಮನುಷ್ಯನ ಕೈಯಲ್ಲಿ ಇವೆ. ಪ್ರತಿಭಾವಂತ ಮೇಷ್ಟ್ರನ್ನು ಆ ವಯಸ್ಸಿನ ಹುಡುಗರು ಹೇಗೆ ಹಚ್ಚಿಕೊಳ್ಳುತ್ತಾರೆಂದು ಪಾಠ ಹೇಳಿದ ಯಾರಿಗೂ ಗೊತ್ತು. ಸ್ವಲ್ಪ ತಾಳು, ಇಲ್ಲಿಂದ ಹೊರಗೆ ಹೋಗಿ ನಿನ್ನ ಅನ್ನ ನೀನು ದುಡಿ, ನನ್ನ ಮಾತು ಬಾರದಷ್ಟು ದೂರದಲ್ಲಿ ಎರಡು ವರ್ಷ ಇದ್ದು ಆಮೇಲೂ ಮನಸ್ಸಿದ್ದರೆ ಬಾ ಎಂದು ಮೋಗ್ಲಿಂಗ್ ಹೇಳಬಹುದಿತ್ತು. ತಾಳಿಕೊಳ್ಳುವ ಗುಣ ಅವನ ನಂಬಿಕೆಯಲ್ಲಿ ಇರಲಿಲ್ಲ.

ಈ ಕತೆಯಲ್ಲಿ ಯಾರೂ ಕೇಳದ ಇನ್ನೊಬ್ಬಳಿದ್ದಾಳೆ. ಆನಂದರಾಯನಿಗೆ ಆಗಲೇ ಮದುವೆಯಾಗಿತ್ತು. ಹುಡುಗಿ ಅವನ ಜೊತೆ ಬರಲಿಲ್ಲ. ಬಂದರೆ ಜಾತಿಭ್ರಷ್ಟೆ, ಬಾರದಿದ್ದರೆ ಗಂಡನಿದ್ದೂ ಇಲ್ಲದವಳು. 1860ರಲ್ಲಿ ಕೌಂಡಿನ್ಯ ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು ಮದುವೆಯಾದ. ಇಂಥ ಗಂಟುಗಳನ್ನು ಬಿಡಿಸಲೆಂದೇ ಸರ್ಕಾರ 1850ರಲ್ಲಿ ಒಂದು, 1866ರಲ್ಲಿ ಇನ್ನೊಂದು ಕಾಯಿದೆ ತಂದಿತು. ಮೊದಲನೆಯದು ಮತ ಬಿಟ್ಟವನ ಪಿತ್ರಾರ್ಜಿತದ ಹಕ್ಕು ಉಳಿಸಿತು. ಎರಡನೆಯದು, ಜೊತೆಗೆ ಬಾಳಲೊಲ್ಲದ ಹೆಂಡತಿಯನ್ನೋ ಗಂಡನನ್ನೋ ಕೋರ್ಟಿಗೆ ಕರೆಸಿ ಕೇಳಿ, ಮದುವೆ ಬಿಡಿಸಿಕೊಳ್ಳುವ ದಾರಿ ಮಾಡಿತು. ಎರಡೂ ಕಾಯಿದೆಗಳು ಹೊರಟವನ ಕಡೆಯಿಂದ ಯೋಚಿಸಿದವು. ಉಳಿದವಳಿಗೆ ಬಿಡುಗಡೆಯೇನೋ ಕಾಗದದ ಮೇಲೆ ಸಿಕ್ಕಿತು. ಆ ಕಾಲದ ಸಾರಸ್ವತ ಮನೆಯೊಳಗೆ ಆ ಕಾಗದಕ್ಕೆ ಏನು ಬೆಲೆ?

ಕರಾವಳಿಯ ಹಳೆಯ ಮನೆ ಇಳಿಸುವಾಗ ಹೆಂಚಿನ ಮಗ್ಗುಲು ತಿರುಗಿಸಿ ನೋಡಿದರೆ ಬಾಸೆಲ್ ಮಿಶನ್ನಿನ ಅಚ್ಚು ಕಾಣುತ್ತದೆ. ಅದರಲ್ಲಿ 1865 ಎಂಬ ವರ್ಷವೂ ಇರುವುದುಂಟು. ಗೇಯೊರ್ಗ್ ಪ್ಲೇಪ್ಸ್ಟ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ನೇಯ್ಗೆ ಅದಕ್ಕೂ ಮೊದಲೇ ಇತ್ತು. ಈ ಉದ್ಯಮಗಳು ಹುಟ್ಟಿದ್ದರ ಹಿಂದೆ ಮತಾಂತರದ ಲೆಕ್ಕಾಚಾರವಿತ್ತು; ಆದರೆ ದೂರುವವರು ಹೇಳುವಂಥ ಲೆಕ್ಕಾಚಾರವಲ್ಲ. ಕರಾವಳಿಯಲ್ಲಿ ಮಿಶನ್ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಮೂರ್ತೆ, ಅಂದರೆ ಕಳ್ಳು ಇಳಿಸುವುದು, ಅವರಲ್ಲಿ ಅನೇಕರ ಕಸುಬು. ಕಳ್ಳಿನ ಕಸುಬು ಕ್ರೈಸ್ತನಿಗೆ ಸಲ್ಲದೆಂದು ಮಿಶನ್ ಕಟ್ಟು ಮಾಡಿತು. ಗೇಣಿಗೆ ಕೊಟ್ಟ ಒಡೆಯ ಭೂಮಿ ಬಿಡಿಸಿದ. ಮನೆಯವರು ಬಾಗಿಲು ಹಾಕಿದರು. ಹೀಗೆ ಎಲ್ಲ ಕಡೆಯಿಂದ ಹೊರಬಿದ್ದವರಿಗೆ ಬದುಕು ತೋರಿಸುವ ಹೊಣೆ ಮಿಶನ್ನಿನ ಹೆಗಲಿಗೆ ಬಿತ್ತು. ಕಾರ್ಖಾನೆ ಆ ಹೊಣೆಯಿಂದ ಹುಟ್ಟಿದ್ದು. ಮೊದಲು ಆಮಿಷ, ಆಮೇಲೆ ಮತಾಂತರ ಎಂಬ ಕತೆ ಇಲ್ಲಿ ತಲೆಕೆಳಗಾಗಿದೆ.

ಆದರೂ ಹೊಣೆ ಹೊತ್ತ ರೀತಿಯಲ್ಲಿ ಒಂದು ಕೇಡಿತ್ತು. ಕೂಲಿ ಕೊಡುವವರು, ಇರಲು ಜಾಗ ಕೊಡುವವರು, ಮಕ್ಕಳಿಗೆ ಓದಿಸುವವರು, ಭಾನುವಾರ ಪ್ರಸಂಗ ಹೇಳುವವರು, ನಡತೆ ತಪ್ಪಿದರೆ ವಿಚಾರಿಸುವವರು ಎಲ್ಲರೂ ಒಂದೇ ಸಂಸ್ಥೆ. ನಂಬಿಕೆ ಸಡಿಲವಾದ ಹೆಂಚಿನ ಕಾರ್ಖಾನೆಯ ಆಳು ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹಳೆಯ ಕೇರಿಯಿಂದ ಎದ್ದು ಬರುವ ಧೈರ್ಯ ತೋರಿದವನಿಗೆ ಹೊಸ ಕೇರಿಯಿಂದ ಎದ್ದು ಹೋಗುವ ದಾರಿ ಇರಲಿಲ್ಲ. ಸಾಲದ್ದಕ್ಕೆ ಜರ್ಮನ್ ಪಂಗಡದ ಶಿಸ್ತು ಬೇರೆ: ಎದ್ದರೆ ಗಂಟೆ, ಕೂತರೆ ಗಂಟೆ.

ಕೊಡಗಿನ ಆನಂದಪುರದಲ್ಲಿ ಈ ಲೆಕ್ಕ ಇನ್ನಷ್ಟು ಗೋಜಲು. 1850ರ ದಶಕದಲ್ಲಿ ಮೋಗ್ಲಿಂಗ್ ಅಲ್ಲಿ ಹೊಲೆಯರಿಗಾಗಿ ಒಂದು ವಸಾಹತು ಕಟ್ಟಿದ. ಕಾಫಿ ಬೆಳೆಸುವ ಪ್ರಯತ್ನವೂ ನಡೆಯಿತು. ಊರಿಗೆ ಕೌಂಡಿನ್ಯನ ಹೆಸರು. ವಂಶಪಾರಂಪರ್ಯದ ಜಮ್ಮಾ ಭೂಮಿಯ ಜೊತೆಗೇ ಕೈಬದಲಾಗುತ್ತಿದ್ದ ಆಳುಗಳು ಆ ಹೊಲೆಯರು. 1843ರ ಕಾಯಿದೆ ಜೀತವನ್ನು ಒಪ್ಪುವುದಿಲ್ಲವೆಂದಿದ್ದರೂ ಗದ್ದೆಯಲ್ಲಿ ಅದನ್ನು ಓದಿ ಹೇಳಿದವರಿಲ್ಲ. ಅಂಥವನ ಪಾಲಿಗೆ ಮಿಶನ್ನಿಗೆ ಸೇರುವುದು ದೇವರ ಪ್ರಶ್ನೆಯೋ ಭೂಮಿಯ ಪ್ರಶ್ನೆಯೋ? ಎರಡೂ. ಹೊಟ್ಟೆಯ ಕಾರಣಕ್ಕೆ ಮತ ಬದಲಿಸಿದರೆ ಅದು ನಕಲಿ ಎಂದು ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ಮಾನವಾಗಿ ಬದುಕಬೇಕೆಂಬ ಆಸೆ ಒಂದು ಮತವನ್ನು ಆರಿಸಿಕೊಳ್ಳುವುದಕ್ಕೆ ಕೀಳು ಕಾರಣ ಹೇಗಾದೀತು? ತನ್ನನ್ನು ಮುಟ್ಟದ ದೇವರಿಗಿಂತ ಪಕ್ಕದಲ್ಲಿ ಕೂರಿಸಿ ಉಣಬಡಿಸುವ ದೇವರು ದೊಡ್ಡವನು ಎಂಬ ತೀರ್ಮಾನ ಅಪ್ಪಟ ಧಾರ್ಮಿಕ ತೀರ್ಮಾನ. ಈ ವಿಷಯದಲ್ಲಿ ಬಾಸೆಲಿನವರು ಗಟ್ಟಿಗರು. ಸಭೆಯೊಳಗೆ ಜಾತಿಗೆ ಜಾಗ ಕೊಡಲಿಲ್ಲ. ಪಕ್ಕದ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ, ಚಾರಡಿ, ಸುದಿರ ಎಂಬ ವಿಂಗಡಣೆ ಬ್ಯಾಪ್ಟಿಸಮ್ಮಿನ ನೀರಿನಲ್ಲೂ ತೊಳೆದು ಹೋಗಿರಲಿಲ್ಲ.

ಬಿಲ್ಲವರ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಕೇಳುಗರಿಗೆ ಸ್ವಂತ ಬುದ್ಧಿಯಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ರುಜುವಾತು ನನಗೆ ಗೊತ್ತಿಲ್ಲ. 1870ರಲ್ಲಿ ಅರಸಪ್ಪ ಎಂಬ ಬಿಲ್ಲವ ಮುಂದಾಳು ತನ್ನ ಸಾವಿರಾರು ಜನರೊಡನೆ ಬ್ರಹ್ಮಸಮಾಜ ಸೇರುವ ಇರಾದೆ ತೋರಿದ. ಕಲ್ಕತ್ತೆಯಿಂದ ಪ್ರಚಾರಕರು ಬಂದರು. ಊರಿನ ಸಾರಸ್ವತ ಸುಧಾರಕರಿಗೆ ಒಬ್ಬನೇ ದೇವರು ಒಪ್ಪಿಗೆಯಾದ, ಒಂದೇ ಪಂಕ್ತಿ ಕಷ್ಟವಾಯಿತು. ದೊಡ್ಡ ಸೇರ್ಪಡೆಯ ಮಾತು ಅಲ್ಲಿಗೇ ನಿಂತಿತು. ಮುಂದಿನ ಶತಮಾನದ ಆರಂಭದಲ್ಲಿ ಸಾಹುಕಾರ ಕೊರಗಪ್ಪನವರು ಮುಂದಾಗಿ ನಾರಾಯಣ ಗುರುಗಳನ್ನು ಬರಮಾಡಿಕೊಂಡರು, 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಮಿಶನ್ನು, ಬ್ರಹ್ಮಸಮಾಜ, ಗುರುಗಳು — ಮೂರನ್ನೂ ತೂಗಿ ನೋಡಿದ ಸಮುದಾಯ ಅದು. ಕೆಲವರು ಹೋದರು, ಬಹಳ ಮಂದಿ ಉಳಿದರು. ಆದರೆ ಉಳಿದವರು ಹಳೆಯ ಜಾಗದಲ್ಲಿ ಉಳಿಯಲಿಲ್ಲ, ತಮ್ಮದೇ ದೇವಸ್ಥಾನ ಕಟ್ಟಿ ಉಳಿದರು. ಹೊರಗಿನಿಂದ ಒಬ್ಬ ಬಾ ಎಂದು ಕರೆಯದೆ ಇದ್ದಿದ್ದರೆ ಒಳಗೆ ಈ ಬಾಗಿಲು ತೆರೆಯುತ್ತಿತ್ತೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮಲ್ಲಿ ಸಹಿಷ್ಣುತೆಗೆ ಇರುವ ಜನಪ್ರಿಯ ರೂಪ, ಎಲ್ಲ ಮತವೂ ಒಂದೇ ಎನ್ನುವುದು. ಎಲ್ಲ ನದಿಯೂ ಸಮುದ್ರಕ್ಕೆ ಎಂಬ ಮಾತು ಕೇಳಲು ಹಿತ. ಆದರೆ ಗುಡಿಯ ಹೊರಗೆ ನಿಲ್ಲಿಸಲ್ಪಟ್ಟವನಿಗೆ ಇದನ್ನು ಹೇಳುವುದು ಎಷ್ಟು ಸುಲಭ! ಎಲ್ಲವೂ ಒಂದೇ ಆದ ಮೇಲೆ ನೀನು ಇದ್ದಲ್ಲೇ ಇರು ಎಂದಾಯಿತಲ್ಲ. ಗಾಂಧೀಜಿಯಂಥವರ ಮಾತಿನಲ್ಲೂ ಈ ತೊಡಕಿದೆ. ಮತಾಂತರದ ಪ್ರಚಾರವನ್ನು ಅವರು ಕಡುವಾಗಿ ವಿರೋಧಿಸಿದರು. ಸೇವೆಯನ್ನು ಮತಕ್ಕೆ ಮೆಟ್ಟಿಲು ಮಾಡಬಾರದು ಎಂಬ ಅವರ ಆಕ್ಷೇಪದಲ್ಲಿ ನೂರಕ್ಕೆ ನೂರು ಸತ್ಯವಿದೆ. ಆದರೆ 1936ರಲ್ಲಿ ಜಾನ್ ಮೋಟ್ ಎಂಬ ಮಿಶನರಿ ಮುಖಂಡನೊಡನೆ ಮಾತಾಡುತ್ತ, ಹರಿಜನರಿಗೆ ಸುವಾರ್ತೆ ಹೇಳುವುದು ಹಸುವಿಗೆ ಹೇಳಿದಂತಲ್ಲವೇ ಎಂಬರ್ಥದ ಮಾತು ಅವರ ಬಾಯಲ್ಲಿ ಬಂದಿತು. ಅದರ ಹಿಂದಿನ ವರ್ಷವೇ ಯೇವಲಾದಲ್ಲಿ ಅಂಬೇಡ್ಕರ್ ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿಯಾಗಿತ್ತು. ಆಮೇಲೆ ಇಪ್ಪತ್ತೊಂದು ವರ್ಷ ಓದಿ, ತೂಗಿ, ಎಲ್ಲರನ್ನೂ ಕಾಯಿಸಿ, 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. ಮತ ಆರಿಸಿಕೊಳ್ಳಲು ಅಷ್ಟು ಹೊತ್ತು ತೆಗೆದುಕೊಂಡ ಇನ್ನೊಬ್ಬ ಮನುಷ್ಯ ಸಿಗುವುದು ಕಷ್ಟ.

ಹೊರಡುವವನ ಮೇಲೆ ಹೇರಿದ ದಂಡ ಇವತ್ತಿಗೂ ಇದೆ. 1950ರ ರಾಷ್ಟ್ರಪತಿ ಆಜ್ಞೆಯ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದನ್ನು ಚಾಚಲಾಯಿತು. ಕ್ರೈಸ್ತ ಅಥವಾ ಮುಸ್ಲಿಮನಾದ ದಲಿತ ಪರಿಶಿಷ್ಟ ಜಾತಿಯ ಮೀಸಲಾತಿ ಕಳೆದುಕೊಳ್ಳುತ್ತಾನೆ. ಚರ್ಚಿನ ಅಕ್ಕಿಮೂಟೆ ಆಮಿಷವಾದರೆ, ಉಳಿದರೆ ನೌಕರಿ ಹೋದರೆ ಇಲ್ಲ ಎನ್ನುವ ಈ ಏರ್ಪಾಡಿಗೆ ಏನೆನ್ನಬೇಕು?

ಸಂವಿಧಾನದ 25ನೆಯ ವಿಧಿ ಮತವನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಲೋಕನಾಥ ಮಿಶ್ರರು ಪ್ರಚಾರದ ಮಾತನ್ನು ಜೋರಾಗಿ ವಿರೋಧಿಸಿದರು, ಕೆ.ಎಂ. ಮುನ್ಶಿ, ಟಿ.ಟಿ. ಕೃಷ್ಣಮಾಚಾರಿ ಸಮರ್ಥಿಸಿದರು. ಅದು ಉಳಿಯಿತು. 1977ರ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕಿನೊಳಗೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ಅಕ್ಷರಶಃ ನೋಡಿದರೆ ಅದು ಸರಿಯೇ. ಯಾರೂ ಯಾರನ್ನೂ ಮತಾಂತರಿಸಲಾರರು. ಆಗುವವನು ತಾನೇ ಆಗಬೇಕು. ಆದರೆ ತಾನೇ ಆಗುವವನ ಹಕ್ಕಿನ ಬಗ್ಗೆ ತೀರ್ಪು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಸೀರವಾಯಿಯಂಥ ಸಂವಿಧಾನ ತಜ್ಞರು ಟೀಕಿಸಿದ್ದು ಆ ಕಾರಣಕ್ಕೇ.

ಕರ್ನಾಟಕದ 2022ರ ಕಾಯಿದೆ ಆ ಹಕ್ಕಿಗೇ ಬೇಲಿ ಹಾಕಿತು. ಮತ ಬದಲಿಸುವವನು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದು ನೋಟಿಸ್ ಬೋರ್ಡಿಗೆ ಏರಬೇಕು. ಆಕ್ಷೇಪ ಕರೆಯಬೇಕು. ಆದ ಮೇಲೆ ಮತ್ತೊಮ್ಮೆ ಘೋಷಣೆ. ತಂದೆತಾಯಿ, ಅಣ್ಣತಮ್ಮ, ನೆಂಟರು ಹೋಗಲಿ, ಜೊತೆಯಲ್ಲಿ ಕೆಲಸ ಮಾಡುವವನು ಕೂಡ ದೂರು ಕೊಡಬಹುದು. ತಪ್ಪಾಗಿಲ್ಲವೆಂದು ಸಾಬೀತು ಮಾಡುವ ಹೊರೆ ಆರೋಪಿಯದು. ಹೆಂಗಸರು, ಪರಿಶಿಷ್ಟರ ವಿಷಯದಲ್ಲಿ ಶಿಕ್ಷೆ ಹತ್ತು ವರ್ಷದ ತನಕ. ಮಕ್ಕಳ ಜೊತೆ ಇವರನ್ನೂ ಸೇರಿಸಿದ್ದನ್ನು ಗಮನಿಸಿ: ಎಂ.ಎ. ಓದಿದ ಹೆಣ್ಣೂ ಕಾಯಿದೆಯ ಕಣ್ಣಿಗೆ ಅಪ್ರಾಪ್ತೆಯ ಸಮ. ಹಿಂದಿನ ಮತಕ್ಕೆ ಮರಳುವವರಿಗೆ ಇದೊಂದೂ ಇಲ್ಲ. ಒಳಗೆ ಬರಲು ತೆರೆದ ಬಾಗಿಲು, ಹೊರಗೆ ಹೋಗಲು ಚೆಕ್‌ಪೋಸ್ಟು. ಧಾರ್ಮಿಕ ಸಂಸ್ಥೆಗಳ ಶಾಲೆಗಳ ಉಚಿತ ಶಿಕ್ಷಣವನ್ನೂ ಈ ಕಾಯಿದೆ ಆಮಿಷದ ಪಟ್ಟಿಗೆ ಸೇರಿಸಿದೆ. ಮೋಗ್ಲಿಂಗನ ಶಾಲೆಯ ಬಗ್ಗೆ ಅಷ್ಟು ಬರೆದ ನಾನು ಇದನ್ನು ಒಪ್ಪಬೇಕಿತ್ತು. ಒಪ್ಪಲಾರೆ. ಬೆಂಚಿನ ಮೇಲೆ ಕೂತ ಹುಡುಗನನ್ನು ರಕ್ಷಿಸುವುದಕ್ಕೆ ತರಗತಿಯಲ್ಲಿ ಮತಬೋಧನೆ ಕಡ್ಡಾಯ ಮಾಡಬಾರದೆಂಬ ನಿಯಮ ಸಾಕು. ಬೆಳೆದು ದೊಡ್ಡವನಾಗಿ ತಾನೇ ಬಂದು ಕೇಳುವವನ ಹೆಸರನ್ನು ಗೋಡೆಗೆ ಅಂಟಿಸುವುದು ರಕ್ಷಣೆಯಲ್ಲ. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯಿದೆಯನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಆದರೆ ನಮ್ಮ ಹಳ್ಳಿ ಪೇಟೆಗಳಲ್ಲಿ ಆ ನೋಟಿಸ್ ಬೋರ್ಡು ಕಾಯಿದೆಗಿಂತ ಮುಂಚಿನಿಂದಲೂ ಇದೆ.

ಬಾಸೆಲ್ ಮಿಶನ್ನಿಗೆ ನಾನು ಕೊಡುವ ಅತ್ಯುತ್ತಮ ಅಂಕ ಅದು ಎಣಿಸಿರದ ಒಬ್ಬ ಮನುಷ್ಯನಿಗೆ ಸಲ್ಲುತ್ತದೆ. ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಕ್ರೈಸ್ತ ಮನೆತನದಲ್ಲೇ ಹುಟ್ಟಿದವರು, ಮಿಶನ್ನಿನ ಪಾದ್ರಿಯಾದವರು. ಊರೂರು ಸುತ್ತುವುದು ಅವರ ಕೆಲಸದ ಭಾಗ. ಸುವಾರ್ತೆ ಹೇಳಲು ಹೋದ ಊರುಗಳಿಂದ ಅವರು ಸರ್ವಜ್ಞನ ವಚನಗಳನ್ನು ಹೊತ್ತು ತಂದರು. ಓಲೆಗರಿ, ಕೈಬರಹ, ಜನರ ಬಾಯಿ ಎಲ್ಲ ಜಾಲಾಡಿ 1924ರಲ್ಲಿ ಹೊರತಂದ ಆ ಸಂಗ್ರಹ ಸರ್ವಜ್ಞನನ್ನು ಕನ್ನಡಕ್ಕೆ ಮರಳಿ ಕೊಟ್ಟಿತು. ಅನುಭವಮಂಟಪದ ಬಗ್ಗೆ ಅವರು ಪುಸ್ತಕ ಬರೆದರು. ಲಿಂಗಾಯತ ವಿದ್ವಾಂಸರು ಅವರನ್ನು ತಮ್ಮವರೆಂದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕ್ರಿಸ್ತನನ್ನು ಬಿಡಲಿಲ್ಲ, ಕ್ರಿಸ್ತನ ಮಾತು ಹೇಳುವುದನ್ನೂ ಬಿಡಲಿಲ್ಲ. ಹೇಳಲು ಹೋದಲ್ಲಿ ಕೇಳಿಸಿಕೊಂಡು ಬಂದರು.

ಅವರನ್ನು ಸಮನ್ವಯದ ಮೂರ್ತಿ ಮಾಡಿ ಹಾರ ಹಾಕುವುದು ಈಗಿನ ವಾಡಿಕೆ. ಹಾಗೆ ಮಾಡುವಾಗ ಅವರು ಪ್ರಚಾರಕರಾಗಿದ್ದರು, ತಮ್ಮ ಮತ ನಿಜವೆಂದು ಇನ್ನೊಬ್ಬರಿಗೆ ಹೇಳುವುದು ತಮ್ಮ ಕರ್ತವ್ಯವೆಂದು ನಂಬಿದ್ದರು ಎಂಬುದನ್ನು ಮತ್ತೆ ಮರೆಮಾಡುತ್ತೇವೆ. ಸರ್ವಜ್ಞನ ಊರಿನ ಗೌಡನಿಗೆ ಈ ಪಾದ್ರಿಯಿಂದ ನೌಕರಿ ಬೇಕಿರಲಿಲ್ಲ, ಪಾದ್ರಿಗೆ ಗೌಡನಿಂದ ಒಂದು ಹಳೆಯ ಓಲೆಯ ಕಟ್ಟು ಬೇಕಿತ್ತು. ಬೇಡುವವನು ಯಾರು, ಕೊಡುವವನು ಯಾರು ಎಂಬುದು ಅಲ್ಲಿ ಅದಲುಬದಲಾಗಿತ್ತು. ಜಗಲಿಯ ಮೇಲೆ ಕೂತು ಇಬ್ಬರೂ ವಾದ ಮಾಡಿದರು, ಯಾರೂ ಮತ ಬದಲಿಸಲಿಲ್ಲ, ಓಲೆ ಮಾತ್ರ ಕೈ ಬದಲಿಸಿತು.